ಅವ್ವ ಊರು ನೋಡಿದ ಭಾನುವಾರ

ನಮ್ಮ ಮನೆಯ ಮಲಗುವ ಕೋಣೆಯ ಬಾಗಿಲಿಗೆ ಒಂದು ರಾಟೆ ತೂಗುಬಿದ್ದಿದೆ. ಬಾವಿಯ ರಾಟೆಯಷ್ಟು ದೊಡ್ಡದಲ್ಲ, ಅಂಗೈಯಗಲದ ಪ್ಲಾಸ್ಟಿಕ್ಕಿನದು. ಅದರ ಮೇಲೆ ಹಾದುಹೋದ ಹಗ್ಗಕ್ಕೆ ಎರಡೂ ತುದಿಯಲ್ಲಿ ಹಿಡಿಕೆಗಳಿವೆ. ಮನೆಗೆ ಬಂದವರು ಯಾರೂ ಅದನ್ನು ಒಮ್ಮೆ ಜಗ್ಗದೆ ಹೋದದ್ದಿಲ್ಲ. ಮೊನ್ನೆ ಫ್ಯಾನು ರಿಪೇರಿಗೆ ಬಂದ ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ ನೋಡಿ, "ಮೇಡಂ, ಇದ್ರಲ್ಲಿ ಏನ್ ಎಳೀತೀರಾ?" ಎಂದು ಕೇಳಿದ. "ನಮ್ಮ ತಾಯಿ ತೋಳು" ಎಂದೆ. ಅವನು ಮತ್ತೇನೂ ಕೇಳದೆ ಬೇಗಬೇಗ ಕೆಲಸ ಮುಗಿಸಿ ಹೊರಟುಹೋದ.

ಈಗ ಅದರ ಕೆಲಸ ಏನೂ ಇಲ್ಲ. ಬಿಚ್ಚಿ ಎಲ್ಲಾದರೂ ಒಗೆಯೋಣವೆಂದು ಸ್ಟೂಲು ಹತ್ತಿದ್ದೂ ಉಂಟು. ಹತ್ತಿ ಹಿಡಿಕೆ ಮುಟ್ಟಿದರೆ ಸಾಕು, ನನಗೆ ಆ ಭಾನುವಾರ ನೆನಪಾಗಿ ಕೆಳಗಿಳಿದುಬಿಡುತ್ತೇನೆ. ಹೀಗೆ ಹತ್ತಿ ಇಳಿಯುವುದಕ್ಕಿಂತ ನಿಮಗೆ ಹೇಳಿಬಿಡುವುದೇ ವಾಸಿ.

ಅವ್ವ ಗದಗಿನಲ್ಲಿ ಕನ್ನಡ ಶಾಲೆಯ ಟೀಚರಾಗಿದ್ದವಳು. ನಿವೃತ್ತಿಯಾದ ಮೇಲೆ ಬೈಯಪ್ಪನಹಳ್ಳಿಯ ನನ್ನ ಬಾಡಿಗೆ ಮನೆಗೆ ಬಂದಳು. ಅಪ್ಪ ತೀರಿಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಬಂದ ಕೆಲವು ದಿನಕ್ಕೇ ಅವಳ ಎಡದೋಳು ಬಿಗಿದುಕೊಂಡು ಕೈ ಮೇಲೆತ್ತಲಾಗದಂತಾಯಿತು. ಕುಪ್ಪಸ ತೊಡುವುದು, ಜಡೆ ಹೆಣೆಯುವುದು ಎಲ್ಲವೂ ನನ್ನ ಪಾಲಿಗೆ ಬಂತು. ನಾನು ಹೆಣೆದ ಜಡೆಯನ್ನು ಕನ್ನಡಿಯಲ್ಲಿ ನೋಡಿಕೊಂಡು ಅವ್ವ, "ಎಮ್ಮಿ ಕಟ್ಟೂ ಹಗ್ಗ ಇದಕ್ಕಿಂತ ಚಲೋ ಇರತೈತಿ, ಸವಿ" ಎನ್ನುತ್ತಿದ್ದಳು. ಆ ಮಾತು ತಾಳಲಾರದೆ ಅವಳನ್ನು ಹತ್ತಿರದ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಸೇರಿಸಿದೆ. ಮನೆಯಲ್ಲೂ ಎಳೆಯಲಿ ಎಂದು ಅವರು ಹೇಳಿದ್ದರಿಂದ ನಮ್ಮ ಬಾಗಿಲಿಗೆ ಆ ರಾಟೆ ಬಂತು.

ಕ್ಲಿನಿಕ್ಕಿನಲ್ಲಿ ಗೋಡೆಗೆ ಜೋಡಿ ರಾಟೆಗಳು. ಒಂದರಲ್ಲಿ ಅವ್ವ ತನ್ನ ಎಡಗೈ ಎಳೆಯುತ್ತಿದ್ದರೆ ಇನ್ನೊಂದರಲ್ಲಿ ಮುನಿರಾಜಪ್ಪ ತಮ್ಮ ಬಲಗೈ ಎಳೆಯುತ್ತಿದ್ದರು. ಅವರು ಗರುಡಾಚಾರ್‌ಪಾಳ್ಯದ ಹಳೆಯ ಒಕ್ಕಲು ಮನೆತನದವರು. ರಾಗಿ, ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಈಗ ಶೆಡ್ಡುಗಳು, ಬಾಡಿಗೆ ಮನೆಗಳು. ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಮೈಸೂರಿಗೆ ಕೊಟ್ಟಿತ್ತು. ನೋವಾದಾಗ ಇಬ್ಬರೂ ಹಲ್ಲು ಕಚ್ಚಿಕೊಂಡು ಎದುರು ಗೋಡೆ ನೋಡುತ್ತಿದ್ದರಂತೆ. ನೋವಿನಲ್ಲಿ ಪರಿಚಯವಾದವರಿಗೆ ನಯ ನಾಜೂಕಿನ ಮಾತು ಬೇಕಾಗುವುದಿಲ್ಲವೆಂದು ಕಾಣುತ್ತದೆ. ಅವ್ವ ಮನೆಗೆ ಬಂದು, "ಮುನಿರಾಜಪ್ಪ ಅವರದು ಇವತ್ತ ಕಿವೀಮಟ ಬಂತು" ಎಂದು ವರದಿ ಒಪ್ಪಿಸುತ್ತಿದ್ದಳು. ನಾನು ಅದು ಕೈಯ ವರದಿಯೆಂದೇ ತಿಳಿದಿದ್ದೆ.

ಒಂದು ಸಂಜೆ ರೊಟ್ಟಿ ಬಡಿಯುತ್ತ, ನನ್ನ ಕಡೆ ತಿರುಗದೆ ಹೇಳಿದಳು.

"ಮುನಿರಾಜಪ್ಪ ಅವರು ಒಂದ ಮಾತ ಕೇಳ್ಯಾರ."

"ಏನಂತ?"

"ಮದುವಿ ಆಗೂಣೇನು ಅಂತ."

ನಾನು ತಟ್ಟೆಯಲ್ಲಿದ್ದ ರೊಟ್ಟಿಯನ್ನು ಮುರಿದೆ. ಮತ್ತೆ ಮುರಿದೆ. ತಟ್ಟೆಯಲ್ಲಿ ರೊಟ್ಟಿ ಹೋಗಿ ಚೂರುಗಳ ರಾಶಿಯಾಯಿತು.

"ನೀ ಏನಂದಿ?"

"ಏನೂ ಅಂದಿಲ್ಲ. ಬರೂ ಭಾನುವಾರ ಊರು ತೋರಸ್ತೀನಿ ಬರ್ರಿ ಅಂದಾರ. ಹೋಗಿ ಬರ್ತೀನಿ. ಅಡ್ಡಾಡಕ ಕರಕೊಂಡ ಹೋದಾಗ ಮನಷ್ಯಾ ಗೊತ್ತಾಗ್ತಾನ. ಸಂಜೀಕ ಹೇಳ್ತೀನಿ ಅಂದೀನಿ."

"ನಾನೂ ಬರ್ತೀನಿ."

"ಬಾ. ನೀನೂ ಏನ ಊರು ನೋಡೀ?"

ಅದು ನಿಜ. ನಾನು ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಮನೆಯಿಂದ ಮೆಟ್ರೋ, ಮೆಟ್ರೋದಿಂದ ಕಾರ್ಖಾನೆಯ ಗೇಟು, ಇಷ್ಟೇ ನನ್ನ ಬೆಂಗಳೂರು. ಊರಿಂದ ನೆಂಟರು ಬಂದು ಏನೇನು ನೋಡಬೇಕು ಎಂದು ಕೇಳಿದರೆ ಫೋನಿನಲ್ಲಿ ಹುಡುಕಿ ಹೇಳುತ್ತೇನೆ.

ಭಾನುವಾರದ ಹೊತ್ತಿಗೆ ನನಗೆ ಎರಡು ಭಯ ಹುಟ್ಟಿಕೊಂಡಿದ್ದವು. ನಾವು ಈರುಳ್ಳಿ ಹೆಚ್ಚಿದ ಚಾಕುವಿಗೂ ಮಡಿ ಮಾಡುತ್ತಿದ್ದ ಅಜ್ಜಿಯ ಮನೆಯವರು, ಅವರು ಒಕ್ಕಲ ಮನೆಯವರು. ಅದೊಂದು. ಇನ್ನೊಂದು, ಈರಣ್ಣ ಕಾಕಾ. ಅಪ್ಪನ ತಮ್ಮ, ಮನೆತನದ ಮಾನಕ್ಕೆಲ್ಲ ತಾನೇ ಕಾವಲುಗಾರ ಎಂದುಕೊಂಡವನು, ಇದೇ ಊರಿನ ಬೆನ್ಸನ್ ಟೌನಿನಲ್ಲಿದ್ದ. ಭಾನುವಾರ ಬಂದರೆ ಹೆಂಡತಿ, ಅಂದರೆ ನಮ್ಮ ಕಾಕು, ಜೊತೆ ಶಿವಾಜಿನಗರದ ಕಡೆ ತರಕಾರಿಗೋ ಬಟ್ಟೆಗೋ ಹೋಗುವುದು ಅವನ ರೂಢಿ. ಮುನಿರಾಜಪ್ಪ ತೋರಿಸಲಿದ್ದ ಊರು ಯಾವುದು ಎನ್ನುತ್ತೀರಿ? ಹಲಸೂರು, ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟು. ಇದನ್ನು ಅವ್ವನಿಗೆ ಹೇಳಿದೆ. "ಊರ ದೊಡ್ಡದೈತಿ" ಎಂದು ಸೀರೆಯ ನೆರಿಗೆ ಹಿಡಿದಳು. ನಾನು ಓಡಬೇಕಾಗಿ ಬಂದರೆ ಇರಲಿ ಎಂದು ಸ್ಪೋರ್ಟ್ಸ್ ಶೂ ಹಾಕಿಕೊಂಡೆ. ಯಾರಿಂದ ಓಡುವುದು, ಯಾರನ್ನು ಎಳೆದುಕೊಂಡು ಓಡುವುದು ಎಂದು ಮಾತ್ರ ಯೋಚಿಸಿರಲಿಲ್ಲ.

ಮುನಿರಾಜಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಹಲಸೂರು ಮೆಟ್ರೋ ಸ್ಟೇಷನ್ನಿನ ಕೆಳಗೆ ನಿಂತಿದ್ದರು. ಎತ್ತರದ ಆಳು, ಹುರಿಗಟ್ಟಿದ ಮೈ. ನನ್ನನ್ನು ನೋಡಿ, "ಬಾ ತಾಯಿ, ನೀನೂ ಬಂದಿದ್ದು ಒಳ್ಳೇದೇ ಆಯ್ತು" ಎಂದರು. ನನ್ನ ಶೂ ನೋಡಿದರು. ಮುಂದೆ ಹೆಜ್ಜೆ ಹಾಕಿದರು.

ಸೋಮೇಶ್ವರನ ಗುಡಿಗೆ ಹೋದೆವು. ನಾನು ಇಬ್ಬರ ನಡುವೆ ನಡೆದೆ, ಇಬ್ಬರ ನಡುವೆ ಕೈಮುಗಿದೆ. ಕಂಬಗಳ ಮೇಲಿನ ಕೆತ್ತನೆ ನೋಡುವಾಗಲೂ ಒಂದು ಕಣ್ಣು ಬಾಗಿಲ ಕಡೆಗಿತ್ತು. ಗುಡಿಯಿಂದ ಹೊರಗೆ ಬಂದಾಗ ಅವರು ಬೀದಿಯ ಒಂದು ಮೂಲೆ ತೋರಿಸಿ, "ನಮ್ಮ ತಾತ ಎತ್ತಿನ ಗಾಡೀಲಿ ಸೊಪ್ಪು ತಂದು ಇಲ್ಲೇ ಇಳಿಸ್ತಿದ್ರು. ನಾನು ಸೊಪ್ಪಿನ ಮೇಲೇ ಮಲಗಿರ್ತಿದ್ದೆ. ಎಬ್ಬಿಸಿದ್ರೆ ಬೆನ್ನೆಲ್ಲ ಒದ್ದೆ" ಎಂದರು. ಅವ್ವ ಅಲ್ಲಿ ನಿಂತು ಆ ಮೂಲೆಯನ್ನು ಬಹಳ ಹೊತ್ತು ನೋಡಿದಳು. ಗುಡಿಯ ಕಂಬವನ್ನೂ ಅಷ್ಟು ಹೊತ್ತು ನೋಡಿರಲಿಲ್ಲ.

ತಿಂಡಿಗೆ ಒಂದು ಪುಟ್ಟ ಹೋಟೆಲಿಗೆ ಕರೆದುಕೊಂಡು ಹೋದರು. ಇಡ್ಲಿ, ಪೊಂಗಲ್ಲು, ಮೇಲೆ ಕಾಫಿ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಹೋಟೆಲಿನವರಿಗೂ ಇವರಿಗೂ ಬಹಳ ದಿನದ ಗುರುತು. ಇಬ್ಬರೂ ತಮಿಳಿನಲ್ಲಿ ಮಾತಾಡಿಕೊಂಡು ನಮ್ಮ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಇಡ್ಲಿ ಚಟ್ನಿಯಲ್ಲೇ ನಿಂತಿತು.

"ಏನ ಕೇಳಿದ್ರವರು?" ಅವ್ವ ನೇರವಾಗಿ ಕೇಳಿದಳು.

"ನೀವ್ಯಾರು ಅಂದ."

"ನೀವೇನ ಹೇಳಿದ್ರಿ?"

"ಸ್ನೇಹಿತರು ಅಂದೆ. ಬೇರೆ ಏನು ಅನ್ನೋಕೆ ನನಗಿನ್ನೂ ಹಕ್ಕಿಲ್ಲ, ಅಲ್ವಾ?"

ಅವ್ವ ಕಾಫಿ ಲೋಟವನ್ನು ಎತ್ತಿದಳು. ಆ ಉತ್ತರಕ್ಕೆ ಎಷ್ಟು ಅಂಕ ಕೊಟ್ಟಳೋ ಮುಖ ನೋಡಿ ತಿಳಿಯುವಂತಿರಲಿಲ್ಲ. ಅಷ್ಟು ವರ್ಷ ಮಕ್ಕಳ ಉತ್ತರ ಪತ್ರಿಕೆ ತಿದ್ದಿದವಳು.

ಕೆರೆಯ ಏರಿಯ ಪಕ್ಕ ಸ್ವಲ್ಪ ನಡೆದು, ಅಲ್ಲಿಂದ ಶಿವಾಜಿನಗರಕ್ಕೆ ಆಟೋ ಹಿಡಿದೆವು. ಆಟೋದಲ್ಲೂ ನಾನೇ ನಡುವೆ. ಪ್ರತಿ ಗುಂಡಿಗೂ ಎರಡೂ ಕಡೆಯ ಕೆಟ್ಟ ತೋಳುಗಳಿಗೆ ನನ್ನ ಭುಜ ತಾಗಿ ಇಬ್ಬರೂ ಒಟ್ಟಿಗೆ ಮುಲುಗುತ್ತಿದ್ದರು. ಕೊನೆಗೆ ಅವ್ವ, "ನೀ ನಡುವ ಕುಂತು ನಮ್ಮನ್ನ ಕೊಲ್ಲಾಕತ್ತೀ" ಎಂದಳು.

ಶಿವಾಜಿನಗರದಲ್ಲಿ ಇಳಿದದ್ದು ಅವ್ವನ ಖರೀದಿಗೆ. ಸೀರೆಯಲ್ಲ, ಬಳೆಯಲ್ಲ. ಅವಳಿಗೆ ರೊಟ್ಟಿ ಬೇಯಿಸಲು ದಪ್ಪ ಕಬ್ಬಿಣದ ಹಂಚು ಬೇಕಿತ್ತು. ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ನಾನ್‌ಸ್ಟಿಕ್ಕುಗಳ ಮೇಲೆ ಜೋಳದ ರೊಟ್ಟಿ ಉಬ್ಬುವುದಿಲ್ಲ, ಬಾಡುತ್ತದೆ ಎನ್ನುವುದು ಅವಳ ದೂರು. ಮುನಿರಾಜಪ್ಪ ಕಬ್ಬಿಣದ ಸಾಮಾನಿನ ಗಲ್ಲಿಗಳಲ್ಲಿ ನಮ್ಮನ್ನು ಸುತ್ತಿಸಿ ಒಂದು ಅಂಗಡಿಗೆ ತಂದರು. ಅವ್ವ ಹಂಚುಗಳನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಒಂದನ್ನು ಆರಿಸಿದಳು. ಅಂಗಡಿಯವರು ಅದನ್ನು ಗೋಣಿಯಲ್ಲಿ ಸುತ್ತಿ ಕೊಟ್ಟರು. ನಾನು ಎತ್ತಲು ಹೋಗಿ ಮತ್ತೆ ಕೆಳಗಿಟ್ಟೆ. ಮುನಿರಾಜಪ್ಪ, "ಬಿಡು ತಾಯಿ" ಎಂದು ಎಡಗೈಯಲ್ಲಿ ಎತ್ತಿ ಎಡ ಹೆಗಲ ಮೇಲಿಟ್ಟುಕೊಂಡರು. ಸ್ವಲ್ಪ ದೂರ ಹೋದ ಮೇಲೆ ಅಭ್ಯಾಸಬಲದಿಂದ ಬಲ ಹೆಗಲಿಗೆ ಬದಲಿಸಹೋಗಿ ತುಟಿ ಕಚ್ಚಿದರು. ಅವ್ವ ಅದನ್ನು ನೋಡಿದಳು. ನೋಡಿದ್ದನ್ನು ನಾನು ನೋಡಿದೆ.

ಜನ ಕಿಕ್ಕಿರಿದಿದ್ದರು. ಪ್ರತಿಯೊಬ್ಬ ಬೋಳುತಲೆಯವನೂ ನನಗೆ ಈರಣ್ಣ ಕಾಕಾನಂತೆ ಕಾಣುತ್ತಿದ್ದ. ಈ ಊರಿನಲ್ಲಿ ಎಷ್ಟು ಜನ ಬೋಳುತಲೆಯವರಿದ್ದಾರೆಂದು ನನಗೆ ಅಂದೇ ತಿಳಿದದ್ದು.

ಒಂದು ಗಲ್ಲಿಯ ತಿರುವಿನಲ್ಲಿ ಕೆಂಡದ ಹೊಗೆ, ಮಸಾಲೆಯ ಘಾಟು ಒಟ್ಟಿಗೆ ಮುಖಕ್ಕೆ ಹೊಡೆಯಿತು. ಕಬಾಬಿನ ಅಂಗಡಿ. ನಾನು ಉಸಿರು ಹಿಡಿದು ದಾಟಿಬಿಡೋಣವೆಂದು ಅವ್ವನ ಕೈ ಹಿಡಿದೆ. ಮುನಿರಾಜಪ್ಪ ಅಲ್ಲೇ ನಿಂತುಬಿಟ್ಟರು. ಹಂಚನ್ನು ನೆಲಕ್ಕಿಳಿಸಿ ಗೋಡೆಗೆ ಒರಗಿಸಿದರು.

"ಗಿರಿಜಮ್ಮ, ಒಂದ್ ವಿಷ್ಯ ಹೇಳ್ಬೇಕು. ನಿಮ್ಮ ಎದುರಿಗೆ ಇದ್ದಾಗೆಲ್ಲ ನಾನು ಇಡ್ಲಿ, ಬಾಳೆಹಣ್ಣಲ್ಲೇ ಕಾಲ ಹಾಕಿದೀನಿ. ಆದ್ರೆ ನಾನು ತಿನ್ನೋನು. ಭಾನುವಾರ ತಪ್ಪಿಸಲ್ಲ."

"ಗೊತ್ತೈತಿ" ಎಂದಳು ಅವ್ವ.

"ಗೊತ್ತಿರೋದು ಬೇರೆ, ಕಣ್ಣಲ್ಲಿ ನೋಡೋದು ಬೇರೆ. ಈ ವಯಸ್ಸಲ್ಲಿ ಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ಇವತ್ತು ನೋಡ್ಬಿಡಿ. ಸಂಜೆ ಬೇಡ ಅಂದ್ರೂ ನಾನೇನೂ ಅನ್ಕೊಳ್ಳಲ್ಲ."

ನನಗೆ ಅವರ ಮೇಲೆ ಸಿಟ್ಟು ಬಂತು. ಎಲ್ಲ ಸುಸೂತ್ರವಾಗಿ ಹೋಗುತ್ತಿರುವಾಗ ಇದೇನು ಹುಚ್ಚಾಟ? ಹಾಗೆ ಅಂದುಕೊಂಡ ಮರುಕ್ಷಣ ನನ್ನ ಬಗ್ಗೆಯೇ ಆಶ್ಚರ್ಯವಾಯಿತು. ಸುಸೂತ್ರವಾಗಲಿ ಎಂದು ನಾನು ಯಾವಾಗಿನಿಂದ ಬಯಸತೊಡಗಿದ್ದೆ? ಬೆಳಿಗ್ಗೆ ಮನೆ ಬಿಡುವಾಗ ಎಲ್ಲ ಕೆಟ್ಟುಹೋಗಲಿ ಎಂದು ತಾನೇ ಶೂ ಕಟ್ಟಿಕೊಂಡದ್ದು?

ಅಂಗಡಿಯ ಮುದುಕರೊಬ್ಬರು ನಮ್ಮನ್ನು ನೋಡಿ, "ಬೈಠೋ ಅಮ್ಮಾ" ಎಂದು ಬೆಂಚು ಒರೆಸಿದರು. ಅವ್ವ ಏನೂ ತಿನ್ನುವವಳಲ್ಲವೆಂದು ಅವರಿಗೆ ಹೇಗೆ ತಿಳಿಯಿತೋ, ಹಾಲಿಲ್ಲದ ನಿಂಬೆ ಚಹಾ ತಂದಿಟ್ಟರು. ಅವ್ವ ಅದನ್ನು ಹಿಡಿದುಕೊಂಡು ಮುನಿರಾಜಪ್ಪನವರ ಎದುರಿಗೇ ಕುಳಿತಳು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ಕುಳಿತಂತೆ, ನೇರ ಬೆನ್ನು, ಆಚೀಚೆ ಹೊರಳದ ಕಣ್ಣು. ಅವರು ಕಬಾಬು ಮುರಿದು, ಈರುಳ್ಳಿ ಇಟ್ಟು, ನಿಂಬೆ ಹಿಂಡಿ ಬಾಯಿಗಿಟ್ಟುಕೊಂಡರು. ಪಾಪ, ಅಷ್ಟು ಕಷ್ಟಪಟ್ಟು ಯಾರೂ ಕಬಾಬು ತಿಂದದ್ದನ್ನು ನಾನು ಕಂಡಿಲ್ಲ. ಅಗಿಯುವ ಸದ್ದೂ ಕೇಳಬಾರದೆಂಬಂತೆ ಅಗಿದರು. ಅವ್ವ ಎದ್ದು ನಡೆದುಬಿಟ್ಟರೆ ಏನು ಮಾಡುವುದು? ವಾಂತಿ ಮಾಡಿಕೊಂಡರೆ? ತಟ್ಟೆ ಖಾಲಿಯಾಯಿತು. ಅವರು ಸೋಪು ಹಾಕಿ ಕೈ ತೊಳೆದು, ಮತ್ತೊಮ್ಮೆ ತೊಳೆದು, ಏಲಕ್ಕಿ ಅಗಿಯುತ್ತ ಬಂದರು.

"ಖಾರ ಇತ್ತೇನು?" ಅವ್ವ ಕೇಳಿದಳು.

"ಇಲ್ವಲ್ಲ. ಯಾಕೆ?"

"ಕಣ್ಣಾಗ ನೀರ ಬಂದಾವು."

"ಅದು ಖಾರಕ್ಕಲ್ಲ. ನೀವು ಹಂಗೆ ನೋಡ್ತಿದ್ರಲ್ಲ, ಅದಕ್ಕೆ."

ಅವ್ವ ನಗಲಿಲ್ಲ. ಚಹಾ ಮುಗಿಸಿ ಎದ್ದಳು. ಅಲ್ಲಿಂದ ಕಮರ್ಷಿಯಲ್ ಸ್ಟ್ರೀಟಿನವರೆಗೆ ಒಂದು ಮಾತೂ ಆಡಲಿಲ್ಲ. ಮುನಿರಾಜಪ್ಪ ಹಂಚು ಹೊತ್ತು ಒಂದು ಹೆಜ್ಜೆ ಹಿಂದೆ ಬಂದರು. ತೀರ್ಪು ಹೇಳುವ ಮೊದಲು ಕೋರ್ಟಿನಲ್ಲಿ ಇರುವಂಥ ಮೌನ. ನಾನಂತೂ ಅವ್ವನ ಚಪ್ಪಲಿಯ ಸದ್ದಿನಲ್ಲಿ ಹೂಂ ಇದೆಯೋ ಊಹೂಂ ಇದೆಯೋ ಎಂದು ಕೇಳಿಸಿಕೊಳ್ಳುತ್ತಿದ್ದೆ.

ಆ ಮೌನದಲ್ಲಿ ನನಗೆ ಹುಬ್ಬಳ್ಳಿ ನೆನಪಾಯಿತು. ಚಿಕ್ಕವಳಿದ್ದಾಗ ದೀಪಾವಳಿಗೆ ಮುಂಚೆ ಅಪ್ಪ ನಮ್ಮನ್ನು ಗದಗಿನಿಂದ ಹುಬ್ಬಳ್ಳಿಗೆ ಬಟ್ಟೆ ಖರೀದಿಗೆ ಕರೆದೊಯ್ಯುತ್ತಿದ್ದ. ಒಳ್ಳೆಯ ಮನುಷ್ಯ, ಆದರೆ ನಡಿಗೆ ಮಾತ್ರ ಬಸ್ಸು ತಪ್ಪುತ್ತದೆ ಎಂಬಂತೆ. ಅವನ ಬೆನ್ನು ಜನರ ನಡುವೆ ಮುಳುಗುತ್ತ ಏಳುತ್ತ ಹೋಗುತ್ತಿದ್ದರೆ ಅವ್ವ ನನ್ನ ಕೈ ಹಿಡಿದು ಆ ಬೆನ್ನಿನ ಹಿಂದೆ ಓಡುತ್ತಿದ್ದಳು. ಅಂಗಡಿಗಳ ಕಡೆ ನೋಡಿದರೆ ಬೆನ್ನು ತಪ್ಪುತ್ತದೆ. ಬೆನ್ನು ನೋಡಿದರೆ ಅಂಗಡಿ ತಪ್ಪುತ್ತದೆ. ಮಂಡಕ್ಕಿಯ ಗಿರ್ಮಿಟ್ಟನ್ನೂ ನಿಂತೇ ತಿಂದು ಮುಗಿಸಬೇಕು. ಮನೆಗೆ ಬಂದ ಮೇಲೆ ನೆರೆಯವರು ಹುಬ್ಬಳ್ಳಿ ಹೇಗಿದೆ ಎಂದು ಕೇಳಿದರೆ ಅವ್ವ, "ನಿಮ್ಮ ಅಣ್ಣಾವರ ಅಂಗಿ ಬೆನ್ನ ಮ್ಯಾಲ ಹೊಲಿಗಿ ಬಿಟ್ಟಿತ್ತು" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ.

ಈಗ ಅವ್ವ ಪ್ರತಿ ಅಂಗಡಿಯ ಮುಂದೆಯೂ ನಿಲ್ಲುತ್ತಿದ್ದಳು. ಬೇಕಾದದ್ದಕ್ಕಲ್ಲ, ಸುಮ್ಮನೆ. ಗಾಜಿನೊಳಗಿನ ಜರಿ ಸೀರೆ ನೋಡಿದಳು, ಬಳೆಯ ಗೋಪುರ ನೋಡಿದಳು, ಮಕ್ಕಳ ಶೂಗಳನ್ನೂ ನೋಡಿದಳು. ಹಿಂದೆ ಹಂಚು ಹೊತ್ತು ಬರುತ್ತಿದ್ದ ಮನುಷ್ಯ ಅವಳು ನಿಂತಾಗ ನಿಲ್ಲುತ್ತಿದ್ದ, ಹೊರಟಾಗ ಹೊರಡುತ್ತಿದ್ದ.

"ಏ ವೈನಿ, ನೀವಿಲ್ಲಿ?"

ಈ ಸಲ ಬೋಳುತಲೆ ನಿಜವಾದದ್ದೇ ಆಗಿತ್ತು. ಈರಣ್ಣ ಕಾಕಾ, ಕೈಯಲ್ಲಿ ಬಟ್ಟೆಯಂಗಡಿಯ ಚೀಲ. ಪಕ್ಕದಲ್ಲಿ ಕಾಕು. ನಾನು ಓಡಲೆಂದು ಹಾಕಿಕೊಂಡ ಶೂ ಒಂದು ಹೆಜ್ಜೆಯೂ ಏಳಲಿಲ್ಲ.

ಕಾಕಾ ನಮ್ಮನ್ನು ದಾಟಿ ಹಿಂದೆ ನೋಡಿದ. ಗೋಣಿ ಸುತ್ತಿದ ಭಾರ ಹೊತ್ತು, ಬೆವರಿ, ಶರ್ಟಿನ ಇಸ್ತ್ರಿ ಕೆಟ್ಟು ನಿಂತ ಮನುಷ್ಯ.

"ಇಷ್ಟ ಸಾಮಾನಿಗೆ ಹಮಾಲನ್ನ ಹಿಡಿದೀರಿ? ನನಗ ಫೋನ್ ಮಾಡಬಾರದಿತ್ತು?" ಎಂದು ಅವರ ಕಡೆ ತಿರುಗಿ, "ಏನಪಾ, ಎಲ್ಲೀತನಕ ಹೊರೂದು ಮಾತಾಗೈತಿ?" ಎಂದ.

ಮುನಿರಾಜಪ್ಪ ಅವ್ವನನ್ನು ಒಮ್ಮೆ ನೋಡಿದರು. ಎಷ್ಟೋ ಮನೆಗಳ ಮಾಲೀಕ, ಗರುಡಾಚಾರ್‌ಪಾಳ್ಯದಲ್ಲಿ ಜನ ಎದ್ದು ನಿಂತು ಮಾತಾಡಿಸುವ ಮನುಷ್ಯ. ಹಂಚನ್ನು ಮೆಲ್ಲಗೆ ಇಳಿಸಿ, ತಲೆ ತಗ್ಗಿಸಿ ಹೇಳಿದರು.

"ಆಟೋ ತನಕ ಅಷ್ಟೇ ಸಾರ್."

ಅವರು ಅವ್ವನಿಗೆ ದಾರಿ ಬಿಟ್ಟುಕೊಟ್ಟಿದ್ದರು. ಹೂಂ ಎಂದರೆ ಮುಗಿಯಿತು. ಹಮಾಲ ಆಟೋವರೆಗೆ ಬರುತ್ತಾನೆ, ನಾವು ಮನೆಗೆ ಹೋಗುತ್ತೇವೆ, ಏನೂ ಆಗಿಲ್ಲ. ನಾನು ಅವ್ವನ ಮುಖ ನೋಡಿದೆ. ಅನ್ನು ಅವ್ವಾ, ಹೂಂ ಅನ್ನು ಎಂದು ಬೇಡಿಕೊಂಡೆನೋ, ಅನ್ನಬೇಡ ಎಂದು ಬೇಡಿಕೊಂಡೆನೋ, ದೇವರಾಣೆಗೂ ಈಗಲೂ ಗೊತ್ತಿಲ್ಲ. ಯಾರೋ ಬಲೂನು ಮಾರುವವರು ನಮ್ಮ ನಡುವೆ ಹಾದುಹೋದರು.

"ಹಮಾಲರಲ್ಲ ಈರಣ್ಣ" ಎಂದಳು ಅವ್ವ. "ಇವರ ಹೆಸರು ಮುನಿರಾಜಪ್ಪ. ನನ್ನ ಮದುವಿ ಆಗ್ತೀರೇನು ಅಂತ ಕೇಳ್ಯಾರ. ನಾ ಇನ್ನೂ ಏನೂ ಹೇಳಿಲ್ಲ. ಅದಕ್ಕ ಒಂದಿನ ಕೂಡಿ ಅಡ್ಡಾಡಾಕ ಬಂದೀವಿ."

ಕಾಕಾ ಮೊದಲು ನನ್ನ ಕಡೆ ನೋಡಿದ, ಇದು ಸುಳ್ಳು ಎಂದು ನಾನಾದರೂ ಹೇಳುತ್ತೇನೆಂಬಂತೆ. ನಾನು ಅವ್ವನ ಪಕ್ಕಕ್ಕೆ ಹೋಗಿ ನಿಂತೆ. ಅಷ್ಟು ಮಾತ್ರ ನನ್ನಿಂದಾಯಿತು.

"ಅಣ್ಣಾ ಇದ್ದಿದ್ರ..." ಎಂದ ಕಾಕಾ.

"ಅವರಿದ್ದಿದ್ರ ಇವರ್ಯಾಕ ಕೇಳ್ತಿದ್ರು?"

"ವೈನಿ, ಮಂದಿ ಏನಂದಾರು?"

"ಮಂದೀನ ಆಮ್ಯಾಗ ಕೇಳೂಣು. ನೀವೇನಂತೀರಿ, ಅದನ್ನ ಹೇಳ್ರಿ."

ಕಾಕಾ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಬಿರಬಿರನೆ ನಡೆದುಬಿಟ್ಟ. ಕಾಕು ಅವನ ಹಿಂದೆ ಹೊರಟವಳು ತಿರುಗಿ ಬಂದು, ಅವ್ವನ ಕೈ ಮುಟ್ಟಿ, "ಬಿಸಲಾಗ ನಿಂತೀರಕ್ಕಾರ, ನೆರಳಿಗೆ ಸರೀರಿ" ಎಂದಷ್ಟೇ ಹೇಳಿ ಓಡಿದಳು.

ನೆರಳಿಗೆ ಸರಿದೆವು. ಮುನಿರಾಜಪ್ಪ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು ಬಲದೋಳನ್ನು ಒತ್ತಿಕೊಳ್ಳುತ್ತಿದ್ದರು.

"ಹಮಾಲ ಅಂದ್ರ ಸುಮ್ನ ಇದ್ರಲ್ಲ?" ಅವ್ವ ಕೇಳಿದಳು.

"ನಿಮಗೆ ತೊಂದ್ರೆ ಆಗ್ಬಾರ್ದು ಅಂತ. ಹೊತ್ತಿದ್ದಂತೂ ನಿಜ ತಾನೇ."

"ಏಳ್ರಿ. ನಿಮ್ಮ ಎಡಗೈ ಚಲೋ ಐತಿ, ನನ್ನ ಬಲಗೈ ಚಲೋ ಐತಿ. ಇಬ್ಬರೂ ಕೂಡೇ ಹಿಡಿಯೂಣು."

ಗೋಣಿಯ ಒಂದು ಕಿವಿ ಅವಳ ಬಲಗೈಯಲ್ಲಿ, ಇನ್ನೊಂದು ಅವರ ಎಡಗೈಯಲ್ಲಿ. ಹಾಗೆ ಆಟೋವರೆಗೆ ನಡೆದರು. ಇಬ್ಬರ ನಡುವೆ ಹಂಚು ಇದ್ದುದರಿಂದ ನನಗೆ ಅಲ್ಲಿ ಜಾಗ ಇರಲಿಲ್ಲ. ಹಿಂದೆ ನಡೆದೆ.

ಮುಂದೇನಾಯಿತೆಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಮದುವೆ ಆಯಿತು, ಅವರ ಊರಿನ ಪುಟ್ಟ ಗುಡಿಯೊಂದರಲ್ಲಿ. ಅವರ ಮಗಳು ಮೈಸೂರಿನಿಂದ ಬಂದು ಮೊದಮೊದಲು ದೂರ ನಿಂತಿದ್ದವಳು ಊಟದ ಹೊತ್ತಿಗೆ ಅವ್ವನ ಜಡೆಗೆ ಹೂ ಮುಡಿಸಿದಳು. ಈರಣ್ಣ ಕಾಕಾ ಬರಲಿಲ್ಲ, ಇವತ್ತಿಗೂ ಆ ಮನೆಯ ಹೊಸ್ತಿಲು ತುಳಿದಿಲ್ಲ. ಕಾಕು ಬಂದಳು, ಒಬ್ಬಳೇ, ಬಸ್ಸಿನಲ್ಲಿ. ಭಾನುವಾರದ ವಿಷಯವೂ ಒಂದು ನೆಲೆಗೆ ಬಂತು. ಮಾಳಿಗೆಯ ಮೇಲೆ ಒಂದು ಒಲೆ, ಅಲ್ಲಿ ಅವರ ಅಡುಗೆ, ಅವರ ಪಾತ್ರೆ. "ಏನ ಬೇಕಾದ್ರೂ ಬೇಯಿಸಿಕೊಳ್ಳಲಿ, ತೊಳಿಯೂದೂ ಅವರ" ಎನ್ನುತ್ತಾಳೆ ಅವ್ವ. ಅವ್ವನ ರೊಟ್ಟಿ ಮಾತ್ರ ಕೆಳಗಿನ ಒಲೆಯಿಂದ ಮಾಳಿಗೆಗೆ ಹತ್ತಿಹೋಗುತ್ತದೆಯಂತೆ. ಯಾವುದರ ಜೊತೆ ತಿನ್ನುತ್ತಾರೆಂದು ಅವಳು ಕೇಳುವುದಿಲ್ಲ.

ಆದರೆ ಆ ಭಾನುವಾರ ಇದೊಂದೂ ನಮಗೆ ಗೊತ್ತಿರಲಿಲ್ಲ. ಎಂ.ಜಿ. ರಸ್ತೆಯಲ್ಲಿ ಮೆಟ್ರೋ ಹತ್ತಿದಾಗ ಅವ್ವ ಇನ್ನೂ ಉತ್ತರ ಹೇಳಿರಲಿಲ್ಲ. ಸಿಕ್ಕ ಸೀಟುಗಳಲ್ಲಿ ಕುಳಿತೆವು. ನಾನೂ ಅವ್ವನೂ ಒಂದು ಕಡೆ, ಎದುರಿಗೆ ಮುನಿರಾಜಪ್ಪ, ಅವರ ಕಾಲ ಬಳಿ ಹಂಚು. ಅವರು ಕಿಟಕಿಯ ಕಡೆ ಮುಖ ಮಾಡಿದ್ದರು. ಹೊರಗೆ ನೋಡುತ್ತಿರಲಿಲ್ಲ. ಪರೀಕ್ಷೆ ಬರೆದು ಹೊರಗೆ ಬಂದವರು ಗೋಡೆ ನೋಡುತ್ತಾರಲ್ಲ, ಹಾಗೆ. ಅವ್ವ ನನ್ನ ಕಡೆ ಬಾಗಿದಳು.

"ಎಲ್ಲಾರೂ ಮಾತಾಡಿದ್ರು. ನೀ ಒಬ್ಬಾಕಿ ಮುಂಜಾನಿಂದ ಏನೂ ಹೇಳಿಲ್ಲ."

"ನಾ ಏನ ಹೇಳ್ಲಿ?"

"ಮನಸಿನ್ಯಾಗ ಇದ್ದದ್ದ ಹೇಳು. ಅವರು ಮಾಂಸ ತಿಂತಾರ ಅಂತೇನು? ಕಾಕಾ ಏನಂತಾನ ಅಂತೇನು?"

ಇಂದಿರಾನಗರದಲ್ಲಿ ಬಾಗಿಲು ತೆರೆದು ಮುಚ್ಚಿತು. ಅದು ಯಾವುದೂ ಅಲ್ಲವೆಂದು ನನಗೆ ಆಗ ತಿಳಿಯಿತು. ಇಡೀ ದಿನ ನಾನು ಅವ್ವನಿಗೆ ಕಾವಲು ಬಂದಿದ್ದೇನೆಂದು ತಿಳಿದಿದ್ದೆ. ನಾನು ಕಾಯುತ್ತಿದ್ದದ್ದು ಸಂಜೆ ಬಾಗಿಲು ತೆರೆದರೆ ಒಳಗೆ ಉರಿಯುತ್ತಿರುವ ಒಂದು ದೀಪವನ್ನು.

"ಮನೀಗೆ ಬಂದ್ರ ನೀ ಇರಂಗಿಲ್ಲ" ಎಂದೆ.

ಅವ್ವ ನನ್ನ ಬೆರಳುಗಳನ್ನು ನೀವಿದಳು.

"ಇರಂಗಿಲ್ಲ" ಎಂದಳು. ಇರುತ್ತೇನೆ ಎಂದು ಸುಳ್ಳು ಹೇಳಲಿಲ್ಲ. "ಆದ್ರ ನಾ ಏನ ಕಾಶಿಗೆ ಹೊಂಟೀನೇನು? ದಿನಾ ನೀ ಕೆಲಸಕ್ಕ ಹೋಗೂ ಊರ ಅದು. ಮಧ್ಯಾಹ್ನ ಊಟಕ್ಕ ಬಾ."

ಬೈಯಪ್ಪನಹಳ್ಳಿ ಬಂತು. ನಾನು ಕಣ್ಣೊರೆಸಿಕೊಂಡು ಎದ್ದು ಬಾಗಿಲ ಬಳಿ ಹೋದೆ. ಅವ್ವ ಏಳಲಿಲ್ಲ.

"ಅವ್ವಾ, ಸ್ಟೇಷನ್ ಬಂತು."

"ನೀ ನಡಿ. ನಾ ಅವರ ಮನಿ ನೋಡಿಕೊಂಡ ಬರ್ತೀನಿ."

ಎದುರು ಸೀಟಿನಲ್ಲಿ ಮುನಿರಾಜಪ್ಪ ಕಿಟಕಿಯಿಂದ ಮುಖ ತಿರುಗಿಸಿದರು. ಏನು ಕೇಳಿಸಿತೋ ಅದನ್ನು ನಂಬಲಾರದೆ ಅವ್ವನನ್ನೂ ನನ್ನನ್ನೂ ನೋಡಿದರು. ನಾನು ಇಳಿದೆ. ಜನ ನನ್ನನ್ನು ತಳ್ಳಿಕೊಂಡು ಇಳಿದರು, ತಳ್ಳಿಕೊಂಡು ಹತ್ತಿದರು. ಬಾಗಿಲು ಮುಚ್ಚಿತು. ಗಾಜಿನಾಚೆ ಅವ್ವ ಎದ್ದು, ಸೆರಗು ಸರಿಮಾಡಿಕೊಂಡು, ಎದುರಿನ ಸಾಲಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತದ್ದು ಕಂಡಿತು. ಏನೋ ಕೇಳುತ್ತಿದ್ದಳು. ಬಾಗಿಲ ಮೇಲಿನ ಸ್ಟೇಷನ್ನುಗಳ ಹೆಸರು ತೋರಿಸಿ ಅವರು ಏನೋ ಹೇಳುತ್ತಿದ್ದರು.

ರೈಲು ಹೊರಟು, ಕೊನೆಯ ಬೋಗಿಯೂ ಕಣ್ಣಿಗೆ ಮರೆಯಾಯಿತು. ಅವಳಿಗೆ ಕೈಬೀಸಬೇಕಾಗಿತ್ತೆಂದು ನನಗೆ ಹೊಳೆದದ್ದು ಆಮೇಲೆ. ಖಾಲಿ ಹಳಿಗಳ ಕಡೆ ಮುಖಮಾಡಿ ನಿಂತು, ಯಾರು ನೋಡಿದರೂ ನೋಡಲಿ ಎಂದು, ಕೈ ಬೀಸಿದೆ.